ಶೆರಿಫ್ ಕಚೇರಿಯವರು ಬಂದರೆ ದೀಪ ಆರಿಸಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳು 'ಶೆರಿಫ್' ಎನ್ನುವ ಪದವನ್ನು 'ಪೊಲೀಸ್ ಅಧಿಕಾರಿ' ಎಂದು ಬರೆದು ಮುಗಿಸಿಬಿಡುತ್ತವೆ. ಟೀವಿಯವರಂತೂ ಕೇಳಲೇಬೇಡಿ. ಶೆರಿಫ್ ಅಂದರೆ ದೊಡ್ಡ ಟೋಪಿ, ಎದೆ ಮೇಲೆ ನಕ್ಷತ್ರ, ಸೊಂಟಕ್ಕೆ ಪಿಸ್ತೂಲು, ಅಷ್ಟೇ. ಅದು ಪೂರ್ತಿ ಸುಳ್ಳಲ್ಲ. ಆದರೆ ಆ ಕಚೇರಿಯ ಮುಕ್ಕಾಲು ಕಥೆ ಅಲ್ಲಿ ಬಿಟ್ಟುಹೋಗುತ್ತದೆ. ಆ ಮುಕ್ಕಾಲು ಕಥೆ ಗೊತ್ತಿಲ್ಲದೆ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಜನ ಒದ್ದಾಡುವುದನ್ನು ನೋಡಿ, ನಾನೂ ಒಂದಿಷ್ಟು ಒದ್ದಾಡಿ, ಈ ಪತ್ರ ಬರೆಯುತ್ತಿದ್ದೇನೆ.

ಹೋದ ಬೇಸಿಗೆಯಲ್ಲಿ ನಮ್ಮ ಅತ್ತೆ ಅರಸೀಕೆರೆಯಿಂದ ಬಂದಿದ್ದರು. ಒಂದು ದಿನ ಬೆಳಿಗ್ಗೆ ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಯಾರೋ ಬಾಗಿಲು ತಟ್ಟಿದ್ದಾರೆ. ಅತ್ತೆ ಬಾಗಿಲ ತೂತಿನಲ್ಲಿ ನೋಡಿದರೆ ಖಾಕಿ ಬಣ್ಣದ ಅಂಗಿ, ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಕಾಗದ. ಅಷ್ಟು ಸಾಕಾಯಿತು. ಒಲೆ ಆರಿಸಿ, ದೀಪ ಆರಿಸಿ, ಅಡುಗೆಮನೆಯ ಮೂಲೆಯಲ್ಲಿ ಒಂದು ಗಂಟೆ ಉಸಿರು ಬಿಗಿಹಿಡಿದು ಕೂತಿದ್ದಾರೆ. ಸಂಜೆ ನಾನು ಬರುತ್ತಿದ್ದ ಹಾಗೆ, "ಅಳಿಯಂದಿರೇ, ಪೊಲೀಸ್ನೋರು ಬಂದಿದ್ರು, ನಿಮ್ಮ ಆಫೀಸಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿದ್ಯಾ?" ಎಂದು ಮೆಲ್ಲಗೆ ಕೇಳಿದರು. ಬಾಗಿಲಿಗೆ ಸಿಕ್ಕಿಸಿದ್ದ ಚೀಟಿ ನೋಡಿದರೆ ಅದು ನಮಗಲ್ಲ, ನಮಗಿಂತ ಮುಂಚೆ ಈ ಮನೆಯಲ್ಲಿದ್ದ ಬಾಡಿಗೆದಾರನಿಗೆ ಬಂದದ್ದು. ಯಾವುದೋ ಸಿವಿಲ್ ಕೇಸಿನ ಸಮನ್ಸ್. ಮಾರನೆಯ ದಿನ ಶೆರಿಫ್ ಕಚೇರಿಗೆ ಫೋನ್ ಮಾಡಿ, ಆತ ಇಲ್ಲಿಲ್ಲ ಅಂದೆ. ಸರಿ, ಬರೆದುಕೊಂಡೆವು, ಥ್ಯಾಂಕ್ಸ್ ಅಂದರು. ಮುಗಿಯಿತು.

ಅತ್ತೆಯನ್ನು ನೋಡಿ ನಗುವ ಹಾಗಿಲ್ಲ. ನಮ್ಮೂರಿನಲ್ಲಿ ಪೊಲೀಸ್ ಬೇರೆ, ಕೋರ್ಟಿನ ಕಾಗದ ತಲುಪಿಸುವ, ಜಪ್ತಿ ಮಾಡುವ ಅಮೀನ ಬೇರೆ. ಅಮೀನನ ಹತ್ತಿರ ಪಿಸ್ತೂಲು ಇರುವುದಿಲ್ಲ, ಒಂದು ಚೀಲ ಇರುತ್ತದೆ. ಇಲ್ಲಿ ಹೆಚ್ಚಿನ ಕಡೆ ಎರಡು ಕೆಲಸವೂ ಒಂದೇ ಕಚೇರಿಗೆ, ಕೌಂಟಿ ಶೆರಿಫ್ ಕಚೇರಿಗೆ ಸೇರಿದ್ದು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಕ್ಯಾಲಿಫೋರ್ನಿಯಾದಲ್ಲಿ ಅಂಥ 58 ಕೌಂಟಿಗಳಿವೆ, ಪ್ರತಿಯೊಂದಕ್ಕೂ ಒಬ್ಬ ಶೆರಿಫ್. ದೊಡ್ಡ ಊರುಗಳಿಗೆ ತಮ್ಮದೇ ಪೊಲೀಸ್ ಇಲಾಖೆ ಇರುತ್ತದೆ, ಅದು ಬೇರೆ. ಕ್ಯುಪರ್ಟಿನೊ, ಸಾರಟೋಗದಂಥ ಊರುಗಳು ಸ್ವಂತ ಪೊಲೀಸರನ್ನು ಇಟ್ಟುಕೊಳ್ಳದೆ ಕೌಂಟಿ ಶೆರಿಫ್ ಕಚೇರಿಗೇ ಹಣ ಕೊಟ್ಟು ಗಸ್ತು ಮಾಡಿಸಿಕೊಳ್ಳುತ್ತವೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದರ ಉಲ್ಟಾ. ಅಲ್ಲಿ ಊರಿನ ಪೊಲೀಸ್ ಕೆಲಸ ನಗರದ ಪೊಲೀಸ್ ಇಲಾಖೆಯದು. ಶೆರಿಫ್‌ಗೆ ಉಳಿಯುವುದು ಮುಖ್ಯವಾಗಿ ಜೈಲು, ಕೋರ್ಟಿನ ಕಾವಲು, ಸಮನ್ಸ್, ಮನೆ ಖಾಲಿ ಮಾಡಿಸುವುದು. ಕಳ್ಳರನ್ನು ಹಿಡಿಯುವ ಕೆಲಸ ತೆಗೆದರೂ ಶೆರಿಫ್‌ಗೆ ಕೈತುಂಬ ಕೆಲಸ ಉಳಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹೆಸರಿನ ಮೂಲವೂ ಅದನ್ನೇ ಹೇಳುತ್ತದೆ. ಹಳೇ ಇಂಗ್ಲೆಂಡಿನಲ್ಲಿ ಶೈರ್ ಅಂದರೆ ಜಿಲ್ಲೆ, ರೀವ್ ಅಂದರೆ ರಾಜನ ಪರವಾಗಿ ಅಲ್ಲಿನ ವ್ಯವಹಾರ ನೋಡಿಕೊಳ್ಳುವವನು. ಎರಡೂ ಸೇರಿ ಶೆರಿಫ್. ನಮ್ಮ ಹಳೇ ಮೈಸೂರಿನ ಅಮಲ್ದಾರರನ್ನು ನೆನಪಿಸಿಕೊಳ್ಳಿ, ಹತ್ತಿರಹತ್ತಿರ ಆ ಥರ. ಕಂದಾಯವೂ ಅವರದೇ, ಆಜ್ಞೆ ಜಾರಿ ಮಾಡುವುದೂ ಅವರದೇ. ಲೂಸಿಯಾನಾ, ಕೆಂಟಕಿ ರಾಜ್ಯಗಳಲ್ಲಿ ಇವತ್ತಿಗೂ ಆಸ್ತಿ ತೆರಿಗೆ ವಸೂಲಿ ಶೆರಿಫ್ ಕೆಲಸವೇ. ಟೆಕ್ಸಸ್‌ನಲ್ಲಿ ಸಮನ್ಸ್ ತಲುಪಿಸುವ ಕೆಲಸ ಜಾಸ್ತಿ ಕಾನ್‌ಸ್ಟೇಬಲ್‌ಗಳ ಪಾಲಿಗೆ ಬರುತ್ತದೆ. ಅಲ್ಲಿನ ಕಾನ್‌ಸ್ಟೇಬಲ್ ನಮ್ಮ ಠಾಣೆಯ ಪೇದೆಯಲ್ಲ, ಓಟಿನಲ್ಲಿ ಗೆದ್ದು ಬಂದವರು. ಅಲಾಸ್ಕದಲ್ಲಿ ಕೌಂಟಿಯೂ ಇಲ್ಲ, ಕೌಂಟಿ ಶೆರಿಫೂ ಇಲ್ಲ. ನಮ್ಮಲ್ಲೂ ಬ್ರಿಟಿಷರು ಮುಂಬೈ, ಕೋಲ್ಕತ್ತ, ಮದ್ರಾಸಿಗೆ ಶೆರಿಫ್ ಹುದ್ದೆ ತಂದಿದ್ದರು. ಮುಂಬೈಯಲ್ಲಿ ಅದು ಗಣ್ಯರಿಗೆ ಕೊಡುವ ಶೋಭೆಯ ಹುದ್ದೆಯಾಯಿತು. ಸುನಿಲ್ ಗವಾಸ್ಕರ್ ಕೂಡ ಒಮ್ಮೆ ಮುಂಬೈ ಶೆರಿಫ್ ಆಗಿದ್ದರು. ಅವರು ಯಾರ ಮನೆಗೂ ಸಮನ್ಸ್ ಹಿಡಿದುಕೊಂಡು ಹೋಗಿರಲಿಕ್ಕಿಲ್ಲ ಬಿಡಿ.

ಈಗ ನನ್ನ ಒದ್ದಾಟಕ್ಕೆ ಬರುತ್ತೇನೆ. ನಾವು ಹಳೇ ಬಾಡಿಗೆ ಮನೆ ಬಿಟ್ಟಾಗ ಮಾಲೀಕ 2,800 ಡಾಲರ್ ಮುಂಗಡ ವಾಪಸ್ ಕೊಡಲಿಲ್ಲ. ಇಲ್ಲಿನ ಕಾನೂನಿನ ಪ್ರಕಾರ ಮನೆ ಬಿಟ್ಟ 21 ದಿನದೊಳಗೆ ಅದನ್ನು ಕೊಡಬೇಕು, ಹಿಡಿದುಕೊಂಡರೆ ಯಾಕೆ ಎಂದು ಲೆಕ್ಕ ಕೊಡಬೇಕು. ಆತ ಎರಡೂ ಮಾಡಲಿಲ್ಲ. ಸಣ್ಣ ಮೊತ್ತದ ಕೇಸುಗಳಿಗೆ ಇಲ್ಲಿ ಬೇರೆ ಕೋರ್ಟೇ ಇದೆ. 12,500 ಡಾಲರ್ ತನಕ ನಮ್ಮಂಥ ಮಾಮೂಲಿ ಜನ ಯಾರು ಬೇಕಾದರೂ ಹೋಗಬಹುದು, ವಕೀಲರು ನಿಂತು ವಾದ ಮಾಡುವಂತಿಲ್ಲ, ನಮ್ಮ ಮಾತು ನಾವೇ ಆಡಬೇಕು. 50 ಡಾಲರ್ ಕಟ್ಟಿ ಕೇಸ್ ಹಾಕಿದೆ. ಕಾಗದವನ್ನು ನಾನೇ ಹೋಗಿ ಆತನ ಕೈಗೆ ಕೊಟ್ಟು ಬರೋಣ ಅಂತ ಹೊರಟಿದ್ದೆ. ಗುಮಾಸ್ತೆ ತಡೆದರು. ಕೇಸಿನಲ್ಲಿರುವವರು ತಾವೇ ಕಾಗದ ಕೊಡುವಂತಿಲ್ಲ. 18 ತುಂಬಿದ, ಕೇಸಿಗೆ ಸಂಬಂಧವಿಲ್ಲದ ಯಾರಾದರೂ ಕೊಡಬೇಕು, ಇಲ್ಲವೇ ಶೆರಿಫ್ ಕಚೇರಿಗೆ ಶುಲ್ಕ ಕಟ್ಟಿದರೆ ಅವರು ಕೊಟ್ಟು ಬರುತ್ತಾರೆ. ಶುಲ್ಕ ಕಟ್ಟಲಾರದ ಬಡವರಿಗೆ ಕೋರ್ಟು ಮಾಫಿ ಕೊಡುತ್ತದೆ. ಹೊಡೆಯುವ ಗಂಡನನ್ನು ದೂರ ಇಡುವ ರಕ್ಷಣಾ ಆದೇಶವನ್ನಂತೂ ಶೆರಿಫ್ ಕಚೇರಿ ಒಂದು ಕಾಸೂ ತೆಗೆದುಕೊಳ್ಳದೆ ತಲುಪಿಸುತ್ತದೆ. ಈ ಕೊನೆಯ ವಿಷಯವನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳುವುದೇ ಇಲ್ಲ. ವೀಸಾ ಗಂಡನದು, ಬ್ಯಾಂಕ್ ಖಾತೆ ಗಂಡನದು, ಕೈಯಲ್ಲಿ ದುಡ್ಡಿಲ್ಲ, ಹಾಗಿರುವಾಗ ಕೋರ್ಟಿಗೆ ಹೋಗೋದು ಹೇಗೆ ಎಂದು ಸುಮ್ನೆ ಸಹಿಸಿಕೊಂಡು ಕೂತವರನ್ನು ನಾನು ಬಲ್ಲೆ.

ಕೇಸ್ ಗೆದ್ದೆ. ಮನೆಯಲ್ಲಿ ಕೇಸರಿಬಾತ್ ಮಾಡಿದರು. ಆಮೇಲೆ ಎರಡು ತಿಂಗಳು ಚೆಕ್ ಬರುತ್ತದೆ ಅಂತ ಕಾದೆ. ಬರಲಿಲ್ಲ. ಮತ್ತೆ ಕೋರ್ಟಿಗೆ ಹೋಗಿ ಕೇಳಿದರೆ ಅದೇ ಗುಮಾಸ್ತೆ, ತೀರ್ಪು ಕೊಡುವುದು ನಮ್ಮ ಕೆಲಸ, ವಸೂಲಿ ನಿಮ್ಮದು ಅಂದುಬಿಟ್ಟರು! ಒಂದು ಕ್ಷಣ ನಮ್ಮೂರಿನ ಕೋರ್ಟ್ ಆವರಣದಲ್ಲಿ ನಿಂತ ಹಾಗೆ ಆಯಿತು. ಡಿಕ್ರಿ ಸಿಕ್ಕಿದೆ, ಆದರೆ ಅಮಲ್ಜಾರಿ ಆಗಬೇಕಲ್ಲ. ಇಲ್ಲಿ ಅದಕ್ಕೆ ಕೋರ್ಟಿನಿಂದ ಒಂದು ಆದೇಶ ತೆಗೆದುಕೊಂಡು ಶೆರಿಫ್ ಕಚೇರಿಗೆ ಕೊಡಬೇಕು. ಅದರ ಆಯಸ್ಸು 180 ದಿನ, ಅಷ್ಟರಲ್ಲಿ ಕೊಡದಿದ್ದರೆ ಹೊಸದಾಗಿ ತರಬೇಕು. ಜೊತೆಗೆ ಏನು ಮಾಡಬೇಕು ಎಂದು ಸಹಿ ಹಾಕಿ ಬರವಣಿಗೆಯಲ್ಲಿ ಕೊಡಬೇಕು. ಆತನ ಆಸ್ತಿ ಎಲ್ಲಿದೆ, ಖಾತೆ ಎಲ್ಲಿದೆ ಎಂದು ಶೆರಿಫ್ ಹುಡುಕಿಕೊಡುವುದಿಲ್ಲ. ಅದು ನಮ್ಮ ತಲೆನೋವು. ನಾನು ಬಾಡಿಗೆಗೆ ಕೊಟ್ಟಿದ್ದ ಹಳೇ ಚೆಕ್ಕಿನ ಪ್ರತಿ ಹುಡುಕಿ ತೆಗೆದೆ. ಹಿಂಬದಿಯಲ್ಲಿ ಆತ ಯಾವ ಬ್ಯಾಂಕಿಗೆ ಹಾಕಿದ್ದಾನೆ ಎನ್ನುವ ಗುರುತಿತ್ತು. ಹಳೇ ಚೆಕ್ಕುಗಳನ್ನು ಬಿಸಾಕಬೇಡಿ ಎಂದು ನಮ್ಮ ಅಪ್ಪ ಹೇಳುತ್ತಿದ್ದದ್ದು ಇದಕ್ಕೇ ಇರಬೇಕು.

ಮೊದಲ ಸಲ ನನ್ನ ಅರ್ಜಿ ವಾಪಸ್ ಬಂತು. ತಪ್ಪು ನನ್ನದೇ. ತೀರ್ಪಿನಲ್ಲಿ ಇದ್ದ ಹೆಸರಿಗೂ ನಾನು ಬರೆದ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸ ಇತ್ತು. ಎರಡನೇ ಸಲ ಸರಿಯಾಯಿತು. ಶೆರಿಫ್ ಕಚೇರಿ ಬ್ಯಾಂಕಿಗೆ ನೋಟಿಸ್ ಕೊಟ್ಟಿತು, ಬ್ಯಾಂಕ್ ಹಣ ತಡೆಹಿಡಿದು ಶೆರಿಫ್‌ಗೆ ಕಳಿಸಿತು. ಶೆರಿಫ್ ಕಚೇರಿ ಅದನ್ನು ತಕ್ಷಣ ನನಗೆ ಕೊಡಲಿಲ್ಲ. ಆಕ್ಷೇಪಣೆ ಹಾಕಲು ಮಾಲೀಕನಿಗೂ ಕಾಲಾವಕಾಶ ಇದೆ. ಹಾಕುವುದಾದರೆ ಆ ಅರ್ಜಿಯನ್ನು ಕೊಡಬೇಕಾದದ್ದೂ ಶೆರಿಫ್ ಕಚೇರಿಗೇ. ಆತ ಹಾಕಲಿಲ್ಲ. ಕೆಲವು ವಾರ ಬಿಟ್ಟು ನನ್ನ ಹೆಸರಿಗೆ ಚೆಕ್ ಬಂತು. ಕೇಸರಿಬಾತ್ ಎರಡನೇ ಸಲ ಮಾಡಲಿಲ್ಲ, ಅಷ್ಟು ಹೊತ್ತಿಗೆ ಎಲ್ಲರಿಗೂ ಸಾಕಾಗಿತ್ತು.

ಖಾತೆಯಲ್ಲಿ ಹಣ ಇಲ್ಲದವನ ಸಂಬಳಕ್ಕೂ ಕೈ ಹಾಕಬಹುದು. ಶೆರಿಫ್ ಮೂಲಕ ಕಂಪನಿಗೆ ಆದೇಶ ಹೋದರೆ ಸಂಬಳ ಕೊಡುವವರೇ ಹಿಡಿದು ಶೆರಿಫ್‌ಗೆ ಕಳಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಮಾಮೂಲಿ ಸಾಲಕ್ಕಾದರೆ ಕಾನೂನಿನ ಪ್ರಕಾರ ಆಗಲೇಬೇಕಾದ ಕಡಿತಗಳು ಹೋಗಿ ಉಳಿಯುವ ಸಂಬಳದ ಶೇ 20ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ಕಡಿಮೆ ಸಂಬಳದವರಿಗೆ ಅದೂ ಇಲ್ಲ. ಇನ್ನು ಅಂಗಡಿ, ಹೋಟೆಲ್ ಇಟ್ಟುಕೊಂಡವನು ಬಾಕಿ ಉಳಿಸಿಕೊಂಡರೆ ನೋಡಬೇಕು ತಮಾಷೆ. ಸಾಲ ಕೊಟ್ಟವನು ಶುಲ್ಕ ಕಟ್ಟಿ ಕೇಳಿಕೊಂಡರೆ ಶೆರಿಫ್ ಡೆಪ್ಯುಟಿ, ಅಂದರೆ ಅವರ ಕೈಕೆಳಗಿನ ಸಿಬ್ಬಂದಿ, ನೇರವಾಗಿ ಅಂಗಡಿಗೆ ಹೋಗಿ ಗಲ್ಲಾಪೆಟ್ಟಿಗೆಯಲ್ಲಿರುವ ದುಡ್ಡು ಎತ್ತಿಕೊಂಡು ಬರುತ್ತಾನೆ. ಇನ್ನೂ ಜಾಸ್ತಿ ಶುಲ್ಕ ಕಟ್ಟಿದರೆ ಎಂಟು ಗಂಟೆ ಗಲ್ಲಾ ಪಕ್ಕದಲ್ಲೇ ನಿಂತು ಗಿರಾಕಿಗಳು ಕೊಟ್ಟಿದ್ದನ್ನೆಲ್ಲ ಇಸಿದುಕೊಳ್ಳುತ್ತಾನೆ. ಇದನ್ನು ಕೇಳಿದಾಗ ನನಗೆ ನಮ್ಮ ಬಸ್ ಸ್ಟ್ಯಾಂಡುಗಳು ನೆನಪಾದವು. ಅಪಘಾತದ ಪರಿಹಾರ ಕೊಡದ ಕೆಎಸ್‌ಆರ್‌ಟಿಸಿಯ ಬಸ್ಸನ್ನೇ ಅಮೀನರು ಬಂದು ಜಪ್ತಿ ಮಾಡುತ್ತಾರಲ್ಲ, ಭೂಸ್ವಾಧೀನದ ಹಣ ಕೊಡದ ಉಪವಿಭಾಗಾಧಿಕಾರಿ ಕಚೇರಿಯಿಂದ ಕುರ್ಚಿ, ಕಂಪ್ಯೂಟರ್ ಹೊತ್ತು ಹೊರಗೆ ಇಡುತ್ತಾರಲ್ಲ, ನಿಮ್ಮ ಪತ್ರಿಕೆಯಲ್ಲೇ ಫೋಟೋ ಸಮೇತ ಬರುತ್ತದೆ, ಅದೇ ಕೆಲಸ ಇದು.

ದಯೆಯ ವಿಷಯದಲ್ಲೂ ಎರಡು ಕಡೆ ಹೋಲಿಕೆ ಇದೆ. ಖಾತೆಯಲ್ಲಿರುವ ಹಣದಲ್ಲಿ ಹೊಟ್ಟೆಪಾಡಿಗೆ ಬೇಕಾದ ಒಂದು ಮೊತ್ತವನ್ನು ಇಲ್ಲಿ ಸಾಮಾನ್ಯ ಸಾಲಕ್ಕೆ ಮುಟ್ಟುವಂತಿಲ್ಲ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಇನ್ನೂ ಚೆನ್ನಾಗಿದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ಧರ್ಮದ ಪದ್ಧತಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಇವನ್ನು ಜಪ್ತಿ ಮಾಡುವಂತಿಲ್ಲ. ತಾಳಿಗೆ ಕಾನೂನೇ ಕೈಮುಗಿದು ದೂರ ನಿಂತಿದೆ. ಆದರೆ ಅಮಲ್ಜಾರಿಯ ವೇಗದಲ್ಲಿ ನಾವು ಸೋತಿದ್ದೇವೆ. ಅಮಲ್ಜಾರಿ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಹಾಗೆ ಹೇಳಿದ್ದು ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ. 2025ರಲ್ಲಿ ಅದೇ ಕೋರ್ಟ್ ಲೆಕ್ಕ ಕೇಳಿದಾಗ ದೇಶದಲ್ಲಿ 8.8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಾಕಿ ಇದ್ದವು.

ಮನೆ ಖಾಲಿ ಮಾಡಿಸುವ ಕೆಲಸ ಮಾತ್ರ ನೋಡಲು ಕಷ್ಟ. ಬಾಡಿಗೆ ಬಾಕಿ ಎಂದು ಮಾಲೀಕ ತಾನೇ ಬೀಗ ಬದಲಾಯಿಸುವಂತಿಲ್ಲ, ನೀರು ಕರೆಂಟು ನಿಲ್ಲಿಸುವಂತಿಲ್ಲ. ಕೇಸ್ ಹಾಕಬೇಕು. ಕ್ಯಾಲಿಫೋರ್ನಿಯಾದಲ್ಲಿ ಉತ್ತರ ಕೊಡಲು ಬಾಡಿಗೆದಾರನಿಗೆ ಮೊದಲು ಕೋರ್ಟು ನಡೆಯುವ ಐದು ದಿನ ಇತ್ತು, 2025ರ ಜನವರಿಯಿಂದ ಹತ್ತು ದಿನ ಮಾಡಿದ್ದಾರೆ. ಮಾಲೀಕ ಗೆದ್ದರೆ ಶೆರಿಫ್ ಡೆಪ್ಯುಟಿ ಬಂದು ಐದು ದಿನದ ನೋಟಿಸ್ ಅಂಟಿಸುತ್ತಾನೆ. ಆಮೇಲೆ ಮತ್ತೆ ಬಂದು ಒಳಗಿದ್ದವರನ್ನು ಹೊರಗೆ ಕಳಿಸಿ, ಮನೆಯನ್ನು ಮಾಲೀಕನ ವಶಕ್ಕೆ ಕೊಟ್ಟು ಹೋಗುತ್ತಾನೆ. ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಒಂದು ಸಲ ನೋಡಿದ್ದೆ. ಮಗುವಿನ ತೊಟ್ಟಿಲು ಬಿಸಿಲಲ್ಲಿ ನಿಂತಿತ್ತು. ಡೆಪ್ಯುಟಿಯ ಮುಖದಲ್ಲೂ ಖುಷಿ ಇರಲಿಲ್ಲ.

ಆದರೆ ಶೆರಿಫ್ ಅಂದರೆ ಬರೀ ಕೋರ್ಟಿನ ಅಂಚೆಯವನಾ? ಷಿಕಾಗೊ ಇರುವುದು ಕುಕ್ ಕೌಂಟಿಯಲ್ಲಿ. ಅಲ್ಲಿನ ಶೆರಿಫ್ ಟಾಮ್ ಡಾರ್ಟ್ 2008ರ ಅಕ್ಟೋಬರ್‌ನಲ್ಲಿ ಒಂದು ಕೆಲಸ ಮಾಡಿದರು. ಆಗ ಮನೆ ಸಾಲ ಕಟ್ಟಲಾಗದ ಮಾಲೀಕರ ಮನೆಗಳನ್ನು ಬ್ಯಾಂಕುಗಳು ಸಾಲುಸಾಲಾಗಿ ವಶಕ್ಕೆ ತೆಗೆದುಕೊಳ್ಳುತ್ತಿದ್ದವು. ಒಳಗಿದ್ದದ್ದು ಎಷ್ಟೋ ಕಡೆ ಬಾಡಿಗೆದಾರರು, ತಿಂಗಳು ತಿಂಗಳು ಸರಿಯಾಗಿ ಬಾಡಿಗೆ ಕಟ್ಟಿದವರು, ಮನೆ ಹೋಗಿದೆ ಎಂದು ಗೊತ್ತೇ ಇಲ್ಲದವರು. ಡಾರ್ಟ್ ಆ ಥರದ ಮನೆ ಖಾಲಿ ಮಾಡಿಸುವುದನ್ನೇ ನಿಲ್ಲಿಸಿಬಿಟ್ಟರು. ಬ್ಯಾಂಕಿನವರು ಶೆರಿಫ್ ಕಾನೂನನ್ನೇ ಕಡೆಗಣಿಸುತ್ತಿದ್ದಾರೆ ಎಂದು ಕೂಗಾಡಿದರು. ಕೊನೆಗೆ ಬಾಡಿಗೆದಾರರಿಗೆ ಮುಂಚೆಯೇ ತಿಳಿಸುವ ವ್ಯವಸ್ಥೆ ಆದ ಮೇಲೆ ಮತ್ತೆ ಶುರು ಮಾಡಿದರು. ಜನರ ಓಟಿನಿಂದ ಬಂದವರಾದ್ದರಿಂದ ಈ ಧೈರ್ಯ ಬಂತು ಎಂದು ನನಗನ್ನಿಸುತ್ತದೆ. ಮೇಲಿನವರು ನೇಮಿಸಿದ ಅಧಿಕಾರಿಯಾಗಿದ್ದರೆ ಮಾರನೆಯ ದಿನವೇ ವರ್ಗ.

ಓಟಿಗೆ ಇನ್ನೊಂದು ಮುಖವೂ ಇದೆ. ಸಾಂಟಾ ಕ್ಲಾರಾ ಕೌಂಟಿ ಅಂದರೆ ಸ್ಯಾನ್ ಹೋಸೆ, ಸನ್ನಿವೇಲ್, ನಮ್ಮ ಕನ್ನಡದವರು ತುಂಬಿರುವ ಜಾಗ. ಅಲ್ಲಿ ಲಾರಿ ಸ್ಮಿತ್ ಎನ್ನುವವರು 1998ರಲ್ಲಿ ಗೆದ್ದು ಕ್ಯಾಲಿಫೋರ್ನಿಯಾದಲ್ಲೇ ಚುನಾಯಿತರಾದ ಮೊದಲ ಮಹಿಳಾ ಶೆರಿಫರಲ್ಲಿ ಒಬ್ಬರಾದರು. ಬಂದೂಕನ್ನು ಬಟ್ಟೆಯೊಳಗೆ ಮರೆಮಾಡಿ ಒಯ್ಯಲು ಪರವಾನಗಿ ಕೊಡುವುದು ಇಲ್ಲಿ ಶೆರಿಫ್ ಕಚೇರಿಯ ಆಡಳಿತದ ಕೆಲಸಗಳಲ್ಲಿ ಒಂದು. ಅದನ್ನು ತಮಗೆ ಬೇಕಾದವರಿಗೆ ಕೊಟ್ಟರು ಎನ್ನುವ ಆರೋಪದ ವಿಚಾರಣೆ 2022ರಲ್ಲಿ ಮುಗಿಯುತ್ತಾ ಬಂದಾಗ ಅವರು ರಾಜೀನಾಮೆ ಕೊಟ್ಟರು. ಕೆಲವೇ ದಿನದಲ್ಲಿ ಜ್ಯೂರಿ, ಅಂದರೆ ಕೇಸ್ ಕೇಳಿ ತೀರ್ಮಾನ ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ ಗುಂಪು, ತಪ್ಪಿತಸ್ಥೆ ಎಂದಿತು. ಪರವಾನಗಿ ಕೊಡುವ ಒಂದು ಸಹಿ! ಶೆರಿಫ್ ಕಚೇರಿಯಲ್ಲಿ ಬಂದೂಕಿಗಿಂತ ಪೆನ್ನು ಜಾಸ್ತಿ ನೋಡಿಕೊಳ್ಳಬೇಕಾದದ್ದು ಎಂದು ಆಗ ಗೊತ್ತಾಯಿತು. ಪೌರತ್ವ ಬಂದ ಮೇಲೆ ನನ್ನ ಮೊದಲ ಓಟಿನಲ್ಲಿ ಶೆರಿಫ್ ಸಾಲನ್ನು ಖಾಲಿ ಬಿಟ್ಟು ಬಂದಿದ್ದೆ, ಯಾರಾದರೇನು ಅಂತ. 2022ರಲ್ಲಿ ಗೆದ್ದ ಕ್ಯಾಲಿಫೋರ್ನಿಯಾದ ಹೆಚ್ಚಿನ ಶೆರಿಫರಿಗೆ ಸಿಕ್ಕಿರುವುದು ಮಾಮೂಲಿ ನಾಲ್ಕು ವರ್ಷವಲ್ಲ, ಆರು ವರ್ಷ. ಮುಂದಿನ ಚುನಾವಣೆಯನ್ನು ಅಧ್ಯಕ್ಷರ ಚುನಾವಣೆಯ ಜೊತೆ ಸೇರಿಸಲು 2028ಕ್ಕೆ ತಳ್ಳಿದ್ದಾರೆ. ಆಗ ಖಾಲಿ ಬಿಡುವುದಿಲ್ಲ.

ಜೈಲು, ಕೋರ್ಟಿನ ಕಾವಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋರ್ಟಿನ ಬಾಗಿಲಲ್ಲಿ ಬ್ಯಾಗ್ ತಪಾಸಣೆ, ಒಳಗೆ ಕಟಕಟೆ ಪಕ್ಕ ನಿಲ್ಲುವ ಬೈಲಿಫ್, ಕೈದಿಗಳನ್ನು ಕರೆತರುವುದು ಇವೆಲ್ಲ ಶೆರಿಫ್ ಸಿಬ್ಬಂದಿಯ ಕೆಲಸ. ಕೌಂಟಿ ಜೈಲು ವಿಚಾರಣಾಧೀನರಿಗೆ, ಸಣ್ಣ ಶಿಕ್ಷೆಯವರಿಗೆ ಇದ್ದದ್ದು. 2011ರ ಬದಲಾವಣೆಯ ನಂತರ ಕ್ಯಾಲಿಫೋರ್ನಿಯಾದಲ್ಲಿ ಹಿಂಸೆಯಿಲ್ಲದ ಎಷ್ಟೋ ದೊಡ್ಡ ಅಪರಾಧಗಳ ಶಿಕ್ಷೆಯೂ ಅಲ್ಲೇ ಕಳೆಯುತ್ತದೆ.

ಆದರೆ ಇನ್ನೊಂದನ್ನು ಹೇಳಲೇಬೇಕು. ಕ್ಯಾಲಿಫೋರ್ನಿಯಾದ ಹೆಚ್ಚಿನ ಕೌಂಟಿಗಳಲ್ಲಿ ಶೆರಿಫ್ ಜೊತೆಗೆ 'ಕೊರೋನರ್' ಕೂಡ ಹೌದು. ಅಂದರೆ ಇದ್ದಕ್ಕಿದ್ದ ಹಾಗೆ ಆದ ಸಾವು, ಅಪಘಾತದ ಸಾವು, ಡಾಕ್ಟರಿಗೆ ತೋರಿಸದೆ ಮನೆಯಲ್ಲೇ ಆದ ಸಾವು, ಇವುಗಳ ಕಾರಣ ಪತ್ತೆ ಮಾಡುವುದು ಆ ಕಚೇರಿ. ಫ್ರೀಮಾಂಟ್ ಇರುವ ಅಲಮೀಡಾ ಕೌಂಟಿಯಲ್ಲೂ ಹಾಗೇ. ಮಕ್ಕಳನ್ನು ನೋಡಲು ಬಂದ ವಯಸ್ಸಾದವರು ಇಲ್ಲಿ ತೀರಿಕೊಂಡಾಗ, ಊರಿಗೆ ದೇಹ ಯಾವಾಗ ಕಳಿಸಬಹುದು ಎನ್ನುವ ಪ್ರಶ್ನೆಗೆ ಉತ್ತರ ಎಷ್ಟೋ ಸಲ ಆ ಕಚೇರಿಯ ಕಾಗದದಲ್ಲಿರುತ್ತದೆ. ಪೊಲೀಸರು ಯಾಕೆ ನಮ್ಮ ಅಪ್ಪನ ದೇಹ ತೆಗೆದುಕೊಂಡು ಹೋದರು ಎಂದು ಅಳುತ್ತಿದ್ದ ಒಬ್ಬ ಗೆಳೆಯನಿಗೆ ಇದನ್ನು ವಿವರಿಸಿ ಹೇಳುವುದಕ್ಕೆ ಅರ್ಧ ರಾತ್ರಿ ಹಿಡಿಯಿತು.

ಇಲ್ಲಿಗೆ ಬಂದಿರುವ ತಂದೆತಾಯಿಗಳಿಗೆ, ಅವರ ಮಕ್ಕಳಿಗೆ ನಿಮ್ಮ ಪತ್ರಿಕೆ ಮೂಲಕ ಒಂದು ಮಾತು. ಡೆಪ್ಯುಟಿ ಕೊಡುವ ಕಾಗದ ಹೆಚ್ಚಿನ ಸಲ ಸಿವಿಲ್ ವಿಷಯ, ಅರೆಸ್ಟ್ ಅಲ್ಲ. ಬಚ್ಚಿಟ್ಟುಕೊಂಡರೆ ಅದು ಹೋಗುವುದಿಲ್ಲ. ಕೆಲವು ಸಲ ಪ್ರಯತ್ನಿಸಿದ ಮೇಲೆ ಮನೆಯಲ್ಲಿರುವ ಬೇರೆ ದೊಡ್ಡವರ ಕೈಗೆ ಕೊಟ್ಟು, ಇನ್ನೊಂದು ಪ್ರತಿಯನ್ನು ಅಂಚೆಯಲ್ಲಿ ಹಾಕಿದರೂ ತಲುಪಿದ ಹಾಗೇ ಲೆಕ್ಕ. ನಮಗೆ ಪರಿಚಯದ ಒಂದು ಮನೆಯಲ್ಲಿ ಅಜ್ಜಿ ಹಾಗೆ ಬಂದ ಕಾಗದ ಇಸಿದುಕೊಂಡು, ಯಾವುದೋ ಜಾಹೀರಾತು ಎಂದು ಗೋಡೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟರು. ಮಾಮೂಲಿ ಸಿವಿಲ್ ಕೇಸಿಗೆ ಇಲ್ಲಿ 30 ದಿನದಲ್ಲಿ ಉತ್ತರ ಕೊಡಬೇಕು. ಕ್ಯಾಲೆಂಡರ್ ತಿರುಗಿಸಿ ನೋಡುವ ಹೊತ್ತಿಗೆ ಎದುರು ಪಕ್ಷದವರು ಏಕಪಕ್ಷೀಯ ತೀರ್ಪು ಪಡೆದಿದ್ದರು.

ಅದೇ ಹೊತ್ತಿಗೆ, ಫೋನಿನಲ್ಲಿ ಬರುವ 'ಶೆರಿಫ್' ಮಾತ್ರ ಬೇರೆ ಜಾತಿ. ನೀವು ಜ್ಯೂರಿ ಕೆಲಸಕ್ಕೆ ಬರಲಿಲ್ಲ, ವಾರಂಟ್ ಆಗಿದೆ, ಈಗಲೇ ಗಿಫ್ಟ್ ಕಾರ್ಡಿನಲ್ಲೋ ಬಿಟ್‌ಕಾಯಿನ್‌ನಲ್ಲೋ ದಂಡ ಕಟ್ಟಿ ಎನ್ನುತ್ತಾನೆ. ನಮ್ಮಲ್ಲಿನ ಡಿಜಿಟಲ್ ಅರೆಸ್ಟಿನ ಅಣ್ಣ ಇವನು. ನಿಜವಾದ ಶೆರಿಫ್ ಕಚೇರಿ ಗಿಫ್ಟ್ ಕಾರ್ಡ್ ಕೇಳುವುದಿಲ್ಲ. ಗ್ರೀನ್ ಕಾರ್ಡಿನವರು, ವೀಸಾದಲ್ಲಿರುವವರು ಜ್ಯೂರಿಯಲ್ಲಿ ಕೂರುವಂತೆಯೇ ಇಲ್ಲ. ಕರೆ ಬಂದರೆ ನಾಗರಿಕನಲ್ಲ ಎಂದು ಗುರುತು ಹಾಕಿ ಆ ಫಾರಂ ವಾಪಸ್ ಕಳಿಸಿದರಾಯಿತು. ಸುಮ್ನೆ ಬಿಸಾಕಬೇಡಿ.

ಅತ್ತೆ ಊರಿಗೆ ವಾಪಸ್ ಹೋದ ಮೇಲೆ ಪಕ್ಕದ ಮನೆಯವರಿಗೆಲ್ಲ 'ಅಮೆರಿಕದ ಪೊಲೀಸ್' ಬಂದ ಕಥೆ ಹೇಳುತ್ತಿದ್ದಾರಂತೆ. ಅವರಿಗೆ ನಾನು 'ಅದು ಅಮೀನ ಅತ್ತೆ, ಪಿಸ್ತೂಲು ಇಟ್ಟುಕೊಂಡ ಅಮೀನ' ಎಂದು ಎಷ್ಟು ಸಲ ಹೇಳಿದರೂ ನಂಬುತ್ತಿಲ್ಲ. ಅವರು ನಂಬುವುದು ನಿಮ್ಮ ಪತ್ರಿಕೆಯನ್ನು. ಅದಕ್ಕೇ ಮುಂದಿನ ಸಲ ಇಲ್ಲಿನ ಸುದ್ದಿ ಹಾಕುವಾಗ ಶೆರಿಫ್ ಎನ್ನುವ ಪದವನ್ನು ಹಾಗೇ ಇಟ್ಟು, ಪಕ್ಕದಲ್ಲಿ ಒಂದೇ ಒಂದು ಸಾಲು ಅವರು ಅವತ್ತು ಮಾಡುತ್ತಿದ್ದ ಕೆಲಸ ಯಾವುದು, ಗಸ್ತಾ, ಜೈಲಾ, ಕೋರ್ಟಿನ ಕಾಗದವಾ ಎಂದು ಬರೆಯಿರಿ.

ಇಂತಿ,
ನಿಮ್ಮ ಹಳೇ ಓದುಗ,
ಕ್ಯಾಲಿಫೋರ್ನಿಯಾ (ಹುಟ್ಟಿದ್ದು ಹಾಸನ ಜಿಲ್ಲೆ)